ನಿಂತ ತಪ್ಪು, ಅಲುಗಿದ ತಪ್ಪು: ಸ್ನ್ಯಾಪ್ ಹೊತ್ತಿನ ಹಳದಿ ಬಟ್ಟೆ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಕಚೇರಿಯ ಗೆಳೆಯರ ಒತ್ತಾಯಕ್ಕೆ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ನೋಡಲು ಶುರು ಮಾಡಿ ಈಗ ಮನೆಮಂದಿಯೆಲ್ಲ ಫಿಲಡೆಲ್ಫಿಯಾ ಈಗಲ್ಸ್ ಅಭಿಮಾನಿಗಳಾಗಿದ್ದೇವೆ. 2023ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್‌ನ ಟೋನಿ ಎಂಬ ಆಟಗಾರ ಗೆರೆ ದಾಟಿ ನಿಂತಿದ್ದನೆಂದು ಆ ತಂಡದ ಟಚ್‌ಡೌನ್ (ಚೆಂಡನ್ನು ಗೋಲು ಗೆರೆ ದಾಟಿಸಿ ಗಳಿಸಿದ ಅಂಕ) ರದ್ದಾಯಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಚೀಫ್ಸ್ ವಿರುದ್ಧ ನಮ್ಮ ತಂಡದವರು ಚೆಂಡಿಗಿಂತ ಮೊದಲೇ ಮುನ್ನುಗ್ಗಿದ್ದು ಟಿವಿಯಲ್ಲಿ ಎಲ್ಲರಿಗೂ ಕಂಡಿತು, ಆದರೆ ತೀರ್ಪುಗಾರರು ಯಾರೂ ಫ್ಲ್ಯಾಗ್, ಅಂದರೆ ತಪ್ಪು ಕಂಡಾಗ ಎಸೆಯುವ ಹಳದಿ ಬಟ್ಟೆ, ಎಸೆಯಲಿಲ್ಲ. ಗೆದ್ದವರು ನಾವೇ ಆದರೂ ಮನಸ್ಸಿಗೆ ಕಸಿವಿಸಿ. ಒಬ್ಬೊಬ್ಬರಿಗೆ ಒಂದೊಂದು ನ್ಯಾಯವೇ? ವಿಡಿಯೊ ನೋಡಿ ಸರಿಪಡಿಸಲು ಏನು ಅಡ್ಡಿ? ಮಗಳದೂ ಒಂದು ಪ್ರಶ್ನೆ ಇದೆ: ಫ್ಲ್ಯಾಗ್ ಬಿದ್ದ ಕೂಡಲೇ ಎರಡೂ ಕಡೆಯವರು ಒಬ್ಬರತ್ತ ಒಬ್ಬರು ಬೆರಳು ತೋರಿಸುವುದೇಕೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಟೋನಿಯ ಮೇಲೆ ಬಿದ್ದ ಫ್ಲ್ಯಾಗ್ ಸರಿ. ನಿಮ್ಮ ಈಗಲ್ಸ್ ಮೇಲೆ ಬೀಳದೆ ಹೋದ ಫ್ಲ್ಯಾಗ್ ತಪ್ಪು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪಕ್ಷಪಾತದಂತೆ ಕಾಣುವುದು ಸಹಜ. ಆದರೆ ಒಂದು ನಿಂತ ತಪ್ಪು, ಇನ್ನೊಂದು ಅಲುಗಿದ ತಪ್ಪು. ನಿಂತದ್ದನ್ನು ಹಿಡಿಯುವ ಕಣ್ಣಿಗೆ ಅಲುಗಿದ್ದೂ ಸಿಕ್ಕಿಬೀಳುತ್ತದೆ ಎನ್ನಲಾಗುವುದಿಲ್ಲ. ನಾನು ಒಹಾಯೊದ ಹೈಸ್ಕೂಲ್ ಪಂದ್ಯಗಳಲ್ಲಿ ಹನ್ನೆರಡು ಸೀಸನ್ ಗೆರೆ ಕಾಯುವ ತೀರ್ಪುಗಾರನಾಗಿ (ಲೈನ್ ಜಡ್ಜ್) ನಿಂತವನು. ಎನ್‌ಎಫ್‌ಎಲ್‌ನ ವೇಗ ಅಲ್ಲಿಲ್ಲ, ನಿಯಮಗಳೂ ಅಲ್ಲಲ್ಲಿ ಬೇರೆ. ಆದರೆ ನಿಲ್ಲುವ ಜಾಗ ಅದೇ, ತಿನ್ನುವ ಬೈಗುಳವೂ ಅದೇ.

ಸ್ನ್ಯಾಪ್ ಎಂದರೆ ಸೆಂಟರ್ ಆಟಗಾರ ನೆಲದ ಮೇಲಿನ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದೆ ಇರುವ ಕ್ವಾರ್ಟರ್‌ಬ್ಯಾಕ್‌ಗೆ (ಆಟ ನಡೆಸುವವನು, ಚೆಂಡು ಎಸೆಯುವವನು) ಕೊಡುವುದು. ಆಟ ಶುರುವಾಗುವುದು ಸೀಟಿಯಿಂದಲ್ಲ, ಆ ಕೈಯಿಂದ. 1880ರಲ್ಲಿ ವಾಲ್ಟರ್ ಕ್ಯಾಂಪ್ ಮುಂದಾಳತ್ವದಲ್ಲಿ ರಗ್ಬಿಯ ತಳ್ಳಾಟವನ್ನು ಬಿಟ್ಟು ಈ ಪದ್ಧತಿ ತಂದರು. 1906ರಲ್ಲಿ ಎರಡು ತಂಡಗಳ ನಡುವೆ ಚೆಂಡಿನ ಉದ್ದದಷ್ಟು ಜಾಗ ಖಾಲಿ ಬಿಡಬೇಕು ಎಂಬ ನಿಯಮ ಬಂತು. ಅದೇ ನ್ಯೂಟ್ರಲ್ ಜೋನ್; ಅದರ ಅಂಚೇ ಆಯಾ ತಂಡ ದಾಟಬಾರದ ಗೆರೆ. ಚೆಂಡಿನ ಉದ್ದ ಸುಮಾರು 11 ಇಂಚು, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು. ಅದರ ಆಚೀಚೆ 300 ಪೌಂಡ್ ತೂಗುವ ಆಳುಗಳು ಮೂಗಿಗೆ ಮೂಗು ತಾಗುವಂತೆ ಬಗ್ಗಿ ಕೂತಿರುತ್ತಾರೆ. ಜಗಳವೆಲ್ಲ ಆ ಒಂದು ಗೇಣು ಜಾಗದ್ದು.

ಅಲ್ಲಿ ನಡೆಯುವ ತಪ್ಪುಗಳ ಹೆಸರುಗಳೇ ನೋಡುಗರನ್ನು ಅರ್ಧ ಗೊಂದಲಕ್ಕೆ ಕೆಡವುತ್ತವೆ. ಚೆಂಡು ಇರುವ ತಂಡದವನು, ಆಟ ಶುರುವಾಯಿತೇನೋ ಎಂದು ಎದುರಿನವನಿಗೆ ಅನಿಸುವಂತೆ ಥಟ್ಟನೆ ಅಲುಗಿದರೆ ಫಾಲ್ಸ್ ಸ್ಟಾರ್ಟ್. ತಡೆಯುವ ತಂಡದವನು ಸ್ನ್ಯಾಪ್‌ಗೆ ಮೊದಲೇ ಗೆರೆ ದಾಟಿ ಎದುರಾಳಿಯನ್ನು ಮುಟ್ಟಿದರೆ ಎನ್‌ಕ್ರೋಚ್‌ಮೆಂಟ್. ಮುಟ್ಟದೆ, ಒಳಗೆ ನುಗ್ಗಿ ಎದುರಿನವನನ್ನು ಬೆಚ್ಚಿಬೀಳಿಸಿದರೆ ನ್ಯೂಟ್ರಲ್ ಜೋನ್ ಇನ್‌ಫ್ರ್ಯಾಕ್ಷನ್. ಸ್ನ್ಯಾಪ್ ಆಗುವ ಕ್ಷಣದಲ್ಲಿ ದೇಹದ ಯಾವುದೇ ಭಾಗ ಆ ಜಾಗದೊಳಗಿದ್ದರೆ ಆಫ್‌ಸೈಡ್; ಇದು ಎರಡು ತಂಡಗಳಿಗೂ ಅನ್ವಯ. ದಂಡ ಎಲ್ಲಕ್ಕೂ 5 ಯಾರ್ಡ್; ತಪ್ಪು ಮಾಡಿದವರಿಗೆ ನಷ್ಟವಾಗುವಂತೆ ಚೆಂಡನ್ನು ಅಷ್ಟು ಸರಿಸುತ್ತಾರೆ. ವ್ಯತ್ಯಾಸ ಇರುವುದು ಬೇರೆ ಕಡೆ. ಮೊದಲ ಮೂರು ತಪ್ಪುಗಳಿಗೆ ಸೀಟಿ ಊದುತ್ತಾರೆ, ಆಟ ಅಲ್ಲೇ ಸತ್ತುಹೋಗುತ್ತದೆ. ಆಫ್‌ಸೈಡ್ ಆದರೆ ಸಾಮಾನ್ಯವಾಗಿ ಫ್ಲ್ಯಾಗ್ ಬಿದ್ದರೂ ಆಟ ಮುಂದುವರಿಯುತ್ತದೆ, ಕ್ರಿಕೆಟ್‌ನ ನೋ-ಬಾಲ್ ಇದ್ದ ಹಾಗೆ. ಎದುರಾಳಿ ಆಫ್‌ಸೈಡ್ ಆಗಿದ್ದಾನೆಂದು ಗೊತ್ತಾದರೆ ಕ್ವಾರ್ಟರ್‌ಬ್ಯಾಕ್ ಧೈರ್ಯವಾಗಿ ದೂರಕ್ಕೆ ಎಸೆಯಬಹುದು; ಕೆಟ್ಟರೆ ದಂಡವನ್ನು ಸ್ವೀಕರಿಸಿದರಾಯಿತು. ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಧ್ವನಿಯ ಏರಿಳಿತದಿಂದಲೇ ಎದುರಾಳಿಗಳನ್ನು ಗೆರೆ ದಾಟಿಸಿ ಇಂಥ ಪುಕ್ಕಟೆ ಎಸೆತ ಗಿಟ್ಟಿಸುವುದರಲ್ಲಿ ಹೆಸರುವಾಸಿ. ಸೀಟಿ ಬೀಳುವ ತಪ್ಪು, ಬೀಳದ ತಪ್ಪು ಎಂಬ ಈ ಭೇದವನ್ನು ನೆನಪಿಟ್ಟುಕೊಳ್ಳಿ. ನಿಮ್ಮ ವಿಡಿಯೊ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಈಗ ನನ್ನ ಜಾಗಕ್ಕೆ ಬಂದು ನಿಲ್ಲಿ. ಎನ್‌ಎಫ್‌ಎಲ್‌ನಲ್ಲಿ ಏಳು ತೀರ್ಪುಗಾರರು. ಗೆರೆಯ ಎರಡು ತುದಿಗಳಲ್ಲಿ ನಿಲ್ಲುವವರು ಡೌನ್ ಜಡ್ಜ್ ಮತ್ತು ಲೈನ್ ಜಡ್ಜ್. ಮೈದಾನದ ಅಗಲ 53 ಯಾರ್ಡ್ ಚಿಲ್ಲರೆ; ಚೆಂಡು ನಡುವಿನಲ್ಲಿದ್ದರೆ ನಿಮ್ಮಿಂದ 25 ಯಾರ್ಡ್ ದೂರ. ಸನಿಹದಲ್ಲಿ ವೈಡ್ ರಿಸೀವರ್, ಎಸೆದ ಚೆಂಡನ್ನು ಹಿಡಿಯುವವನು. ಸೆಂಟರ್‌ನ ಪಕ್ಕದವನು ಗಾರ್ಡ್, ಅವನ ಪಕ್ಕದವನು ಟ್ಯಾಕಲ್. ರಿಸೀವರ್‌ನಾಚೆ ಟ್ಯಾಕಲ್‌ನ ಭುಜ, ಗಾರ್ಡ್‌ನ ಹೆಲ್ಮೆಟ್, ಇವೆಲ್ಲದರ ಸಂದಿಯಲ್ಲಿ ಕಂದುಬಣ್ಣದ ಚೆಂಡಿನ ತುದಿ, ಕಂಡರೆ ಕಂಡಿತು. ರಿಸೀವರ್ ಬಂದು ನಿಂತವನೇ ನಿಮ್ಮತ್ತ ತಿರುಗಿ ಬೆರಳು ಚಾಚುತ್ತಾನೆ. "ನಾನು ಸರಿಯಾಗಿ ನಿಂತಿದ್ದೇನೆಯೇ?" ಎಂಬುದು ಅದರ ಅರ್ಥ. ಅವನು ಗೆರೆಯಿಂದ ಹಿಂದೆ ಇದ್ದರೆ ನೀವು ತೋಳನ್ನು ಅವನ ತಂಡದ ಕಡೆ ಹಿಂದಕ್ಕೆ ಚಾಚುತ್ತೀರಿ. ತೀರಾ ಮುಂದೆ ಬಂದಿದ್ದರೆ ಒಂದು ಮಾತು: ಸ್ವಲ್ಪ ಹಿಂದೆ ಸರಿಯಪ್ಪ. ಇದು ಸೌಜನ್ಯ ಅಷ್ಟೇ, ನಿಯಮಪುಸ್ತಕದ ಹಕ್ಕಲ್ಲ. ಆದರೆ ವರ್ಷಾನುಗಟ್ಟಲೆ ಸೌಜನ್ಯ ತೋರಿಸುತ್ತಾ ಬಂದರೆ ಪಡೆಯುವವರಿಗೆ ಅದು ಹಕ್ಕೆಂದೇ ಅನಿಸತೊಡಗುತ್ತದೆ.

ಟೋನಿಯ ವಿಷಯದಲ್ಲಿ ಆದದ್ದು ಇದೇ. 2023ರ ಡಿಸೆಂಬರ್ 10, ಕಾನ್ಸಾಸ್ ಸಿಟಿಯ ಆರೋಹೆಡ್ ಕ್ರೀಡಾಂಗಣ. ಬಫಲೊ ಬಿಲ್ಸ್ 20-17ರಿಂದ ಮುಂದಿತ್ತು, ಒಂದು ನಿಮಿಷ ಚಿಲ್ಲರೆ ಬಾಕಿ. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡನ್ನು ಹಿಡಿದ ಟ್ರಾವಿಸ್ ಕೆಲ್ಸಿ, ಓಡುತ್ತಲೇ ಅದನ್ನು ಅಡ್ಡಕ್ಕೆ ಟೋನಿಯ ಕೈಗೆ ಎಸೆದ. ಟೋನಿ ಗುರಿ ಮುಟ್ಟಿದ. ಆ ಋತುವಿನ ಅತಿ ಚೆಂದದ ಆಟಗಳಲ್ಲಿ ಒಂದಾಗಬೇಕಿತ್ತು. ಆದರೆ ಫ್ಲ್ಯಾಗ್ ಬಿದ್ದದ್ದು ಆಟ ಶುರುವಾದಾಗಲೇ; ಟೋನಿಯ ಕಾಲು ಚೆಂಡಿಗಿಂತ ಮುಂದಿತ್ತು. ಕೂದಲೆಳೆಯ ಅಂತರವೇನಲ್ಲ, ಚಿತ್ರ ನಿಲ್ಲಿಸಿ ನೋಡಿದವರಿಗೆಲ್ಲ ಕಾಣುವಷ್ಟು. ಮಹೋಮ್ಸ್ ಕೆಂಡಾಮಂಡಲವಾದರು. ಇಂಥದ್ದಕ್ಕೆ ಮೊದಲು ಎಚ್ಚರಿಕೆ ಕೊಡುವುದು ವಾಡಿಕೆ ಎಂದು ಕೋಚ್ ಆಂಡಿ ರೀಡ್ ದೂರಿದರು. ರೆಫರಿ ಕಾರ್ಲ್ ಚೆಫರ್ಸ್ ಕೊಟ್ಟ ಉತ್ತರದ ತಾತ್ಪರ್ಯ ಹೀಗಿತ್ತು: ಕೇಳಿದರೆ ಹೇಳುತ್ತೇವೆ, ಆದರೆ ಎಲ್ಲಿ ನಿಲ್ಲಬೇಕೆಂಬ ಹೊಣೆ ಆಟಗಾರನದೇ, ನಮಗೆ ಚೆಂಡೇ ಕಾಣದಷ್ಟು ಮುಂದೆ ನಿಂತರೆ ಎಚ್ಚರಿಕೆಯ ಮಾತೇ ಇಲ್ಲ. ತೀರ್ಪುಗಾರರ ಬಗ್ಗೆ ಆಡಿದ ಮಾತಿಗಾಗಿ ಲೀಗ್ ರೀಡ್‌ಗೆ 1,00,000 ಡಾಲರ್, ಮಹೋಮ್ಸ್‌ಗೆ 50,000 ಡಾಲರ್ ದಂಡ ಹಾಕಿತು.

ಟೋನಿ ಆ ದಿನ ಪಕ್ಕಕ್ಕೆ ತಿರುಗಿ ಬೆರಳು ಚಾಚಿ ಕೇಳಲಿಲ್ಲ. ನನ್ನ ಮಟ್ಟಿಗೆ ಪ್ರಕರಣ ಅಲ್ಲಿಗೇ ಮುಗಿಯಿತು. ಎರಡು ಸೆಕೆಂಡಿನ ಆ ಕೆಲಸವನ್ನು ಹದಿನಾರು ವರ್ಷದ ಹುಡುಗರೂ ಮರೆಯದೆ ಮಾಡುವುದನ್ನು ನಾನು ನೋಡಿದ್ದೇನೆ.

ಚೀಫ್ಸ್‌ನವರಿಗೆ ಈ ಗಾಯ ಹೊಸದೂ ಅಲ್ಲ. 2019ರ ಜನವರಿ 20ರಂದು ಅದೇ ಮೈದಾನದಲ್ಲಿ, ಸೂಪರ್ ಬೌಲ್‌ಗೆ (ಲೀಗಿನ ಫೈನಲ್‌ಗೆ) ಹೋಗುವ ಪಂದ್ಯದಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 28-24ರ ಮುನ್ನಡೆ ಇತ್ತು. ಕೊನೆಯ ನಿಮಿಷದಲ್ಲಿ ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ ಎಸೆದ ಚೆಂಡು ಅವರದೇ ತಂಡದ ಗ್ರಾಂಕೌಸ್ಕಿಯ ಕೈಗೆ ಬಡಿದು ಚೀಫ್ಸ್‌ನ ವಾರ್ಡ್‌ಗೆ ಸಿಕ್ಕಿತು. ಪಂದ್ಯ ಮುಗಿದಂತೆಯೇ. ಆದರೆ ಚೀಫ್ಸ್‌ನ ಡೀ ಫೋರ್ಡ್ ನ್ಯೂಟ್ರಲ್ ಜೋನ್‌ನೊಳಗೆ ತಲೆ ಇಟ್ಟುಕೊಂಡು ಕೂತಿದ್ದ. ಚೆಂಡು ಪೇಟ್ರಿಯಟ್ಸ್‌ಗೇ ಮರಳಿತು. ಹೆಚ್ಚುವರಿ ಸಮಯದಲ್ಲಿ ಅವರು 37-31ರಿಂದ ಗೆದ್ದು, ಮುಂದೆ ಸೂಪರ್ ಬೌಲನ್ನೂ ಎತ್ತಿಕೊಂಡರು. ಫೋರ್ಡ್ ಹಾರಿದ್ದಲ್ಲ, ಅವಸರಪಟ್ಟದ್ದಲ್ಲ, ಸುಮ್ಮನೆ ತಪ್ಪು ಜಾಗದಲ್ಲಿ ಕೂತಿದ್ದ. ನಿಂತ ತಪ್ಪು ಕದಲುವುದಿಲ್ಲ, ಒಂದೆರಡು ಸೆಕೆಂಡು ಕಣ್ಣ ಮುಂದೆಯೇ ಇರುತ್ತದೆ. ಆದ್ದರಿಂದಲೇ ಅದನ್ನು ಹಿಡಿಯುವುದು ಸುಲಭ.

ಅಲುಗಿದ ತಪ್ಪು ಹಾಗಲ್ಲ. ಟ್ಯಾಕಲ್‌ನ ಹಿಂಗಾಲು ಎದ್ದದ್ದು ಮೊದಲೋ ಚೆಂಡು ಎದ್ದದ್ದು ಮೊದಲೋ ಎಂದು ಹೇಳಬೇಕಾದರೆ ಎರಡನ್ನೂ ಒಟ್ಟಿಗೆ ನೋಡಬೇಕು. ಕಣ್ಣು ಒಂದು ಸಲಕ್ಕೆ ಒಂದನ್ನೇ ನೋಡುತ್ತದೆ. ನಾನು ಟ್ಯಾಕಲ್‌ನ ಮೊಣಕಾಲಿನ ಮೇಲೆ ದೃಷ್ಟಿ ನೆಟ್ಟು, ಚೆಂಡನ್ನು ಕಣ್ಣಂಚಿಗೆ ಬಿಡುತ್ತಿದ್ದೆ. ಎರಡೂ ಒಟ್ಟಿಗೆ ಎದ್ದಂತೆ ಕಂಡರೆ ಸುಮ್ಮನಿರು, ಅನುಮಾನವಿದ್ದರೆ ಫ್ಲ್ಯಾಗ್ ಮುಟ್ಟಬೇಡ ಎಂದೇ ನಮಗೆ ಕಲಿಸಿದ್ದು. ಚತುರ ಟ್ಯಾಕಲ್‌ಗಳು ಬದುಕುವುದು ಈ ಅನುಮಾನದ ಸಂದಿಯಲ್ಲೇ. ಗದ್ದಲದ ಮೈದಾನಗಳಲ್ಲಿ ಕ್ವಾರ್ಟರ್‌ಬ್ಯಾಕ್‌ನ ಧ್ವನಿ ಪಕ್ಕದವನಿಗೂ ಕೇಳುವುದಿಲ್ಲ. ಆರೋಹೆಡ್‌ನಲ್ಲಿ 2014ರಲ್ಲಿ 142.2 ಡೆಸಿಬೆಲ್ ಗದ್ದಲ ದಾಖಲಾಗಿತ್ತು. ಅಂಥಲ್ಲಿ ಗಾರ್ಡ್ ಹಿಂದೆ ತಿರುಗಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡಿ ಸೆಂಟರ್‌ನನ್ನು ತಟ್ಟುತ್ತಾನೆ, ಸೆಂಟರ್ ತಲೆ ಎತ್ತುತ್ತಾನೆ, ಒಂದು ಲಯ ಬಿಟ್ಟು ಚೆಂಡು ಹೊರಡುತ್ತದೆ. ಆ ಲಯ ಹಿಡಿದವನು ಚೆಂಡಿಗೆ ಕಾಯುವುದಿಲ್ಲ, ಚೆಂಡಿನ ಜೊತೆಗೇ ಏಳುತ್ತಾನೆ. ಕೆಲವೊಮ್ಮೆ ಎಳ್ಳಷ್ಟು ಮೊದಲು.

2023ರ ಮೊದಲ ಪಂದ್ಯದಲ್ಲಿ ಚೀಫ್ಸ್‌ನ ಬಲಬದಿಯ ಟ್ಯಾಕಲ್ ಜವಾನ್ ಟೇಲರ್ ಡೆಟ್ರಾಯಿಟ್ ಲಯನ್ಸ್ ವಿರುದ್ಧ ರಾತ್ರಿಯಿಡೀ ಹೀಗೇ ಎದ್ದ, ಜೊತೆಗೆ ಗೆರೆಯಿಂದ ತೀರಾ ಹಿಂದೆ ನಿಂತಿದ್ದ. ಸೆಂಟರ್ ಪಕ್ಕದ ಸಾಲಿನಲ್ಲಿ ಕೂರುವವನ (ಲೈನ್‌ಮನ್) ಹೆಲ್ಮೆಟ್ ಕನಿಷ್ಠ ಸೆಂಟರ್‌ನ ಸೊಂಟದ ಸಾಲಿಗಾದರೂ ಬರಬೇಕು ಎಂಬುದು ನಿಯಮ. ಟಿವಿ ನೋಡಿದವರೆಲ್ಲ ಹುಯಿಲೆಬ್ಬಿಸಿದರು. ಮುಂದಿನ ವಾರ ಜಾಕ್ಸನ್‌ವಿಲ್‌ನಲ್ಲಿ ಅದೇ ಟೇಲರ್ ಮೇಲೆ ಫ್ಲ್ಯಾಗ್‌ಗಳ ಮಳೆ. ಕೋಚ್ ಅವನನ್ನು ಸ್ವಲ್ಪ ಹೊತ್ತು ಹೊರಗೂ ಕೂರಿಸಿದರು. ಮರುವರ್ಷ ಲೀಗ್ ಈ ನಿಲುವಿನ ನಿಯಮದ ಜಾರಿಯನ್ನು ಬಿಗಿಗೊಳಿಸಿತು. ಮೊದಲ ಪಂದ್ಯದಲ್ಲೇ ಬಾಲ್ಟಿಮೋರ್ ರೇವನ್ಸ್‌ನ ರಾನಿ ಸ್ಟ್ಯಾನ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದರು. ನನಗೆ ಬೇಸರವಿರುವುದು ಇಲ್ಲಿ. ನಿಯಮಪುಸ್ತಕದ ಗೆರೆ ಒಂದೇ ಇದ್ದರೂ ಮೈದಾನದಲ್ಲಿ ಅದಕ್ಕೊಂದು ದಪ್ಪ ಇರುತ್ತದೆ, ಇರಲೇಬೇಕು. ಆ ದಪ್ಪ ವಾರದಿಂದ ವಾರಕ್ಕೆ, ಜನರ ಹುಯಿಲಿಗೆ ತಕ್ಕಂತೆ ಬದಲಾದರೆ ಆಟಗಾರ ಯಾವುದನ್ನು ನಂಬಿ ಕಾಲಿಡಬೇಕು?

ಇನ್ನು ನಿಮ್ಮ ಈಗಲ್ಸ್ ಮತ್ತು ಅವರ 'ಟಷ್ ಪುಷ್'. ಒಂದೋ ಎರಡೋ ಯಾರ್ಡ್ ಬೇಕಾದಾಗ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಸೆಂಟರ್‌ನ ಬೆನ್ನಿಗೆ ಅಂಟಿಕೊಂಡು ನುಗ್ಗುತ್ತಾನೆ, ಹಿಂದಿನಿಂದ ಇಬ್ಬರು ತಳ್ಳುತ್ತಾರೆ. ತೇರು ಕದಲದಿದ್ದಾಗ ಹಿಂದಿನಿಂದ ಸನ್ನೆಗೋಲು ಕೊಟ್ಟಂತೆ. ತಳ್ಳುವುದನ್ನು ನಿಷೇಧಿಸಬೇಕೆಂದು ಗ್ರೀನ್ ಬೇ ಪ್ಯಾಕರ್ಸ್ ತಂದ ಪ್ರಸ್ತಾವ 2025ರ ಮೇ ತಿಂಗಳಲ್ಲಿ 22-10ರಲ್ಲಿ ಬಿದ್ದುಹೋಯಿತು. ಪರವಾಗಿ 22 ಮತ ಬಿದ್ದರೂ ಗೆಲ್ಲಲು 24 ಬೇಕಿತ್ತು. ಆಮೇಲೆ ಬಂದದ್ದೇ ನೀವು ಹೇಳುವ ಸೆಪ್ಟೆಂಬರ್ 14ರ ಪಂದ್ಯ. ಈಗಲ್ಸ್ 20-17ರಿಂದ ಗೆದ್ದರು. ನಿಧಾನಗತಿಯ ಚಿತ್ರದಲ್ಲಿ ಗಾರ್ಡ್‌ಗಳು ಚೆಂಡಿಗಿಂತ ಮೊದಲು ಮುಂದಕ್ಕೆ ಬೀಳುವುದು ಸ್ಪಷ್ಟ. ಅದಾದ ಮೇಲೆ, ಈ ಆಟವನ್ನು ಬಿಗಿಯಾಗಿ ನೋಡಿ ಎಂದು ಲೀಗ್ ತನ್ನ ತೀರ್ಪುಗಾರರಿಗೆ ತರಬೇತಿ ವಿಡಿಯೊ ಕಳುಹಿಸಿತು. ಅಂದರೆ ತಪ್ಪಾಗಿದೆ ಎಂಬುದನ್ನು ಅವರೂ ಒಪ್ಪಿದಂತೆಯೇ.

ಮೈದಾನದಲ್ಲಿದ್ದ ಏಳು ಜನಕ್ಕೆ ಏಕೆ ಕಾಣಲಿಲ್ಲ? ಈ ಆಟದಲ್ಲಿ ಎಲ್ಲರೂ ನೆಲಕ್ಕೆ ಮೂಗು ತಾಗುವಂತೆ ಬಗ್ಗಿ, ಭುಜಕ್ಕೆ ಭುಜ ಒತ್ತಿ ಕೂರುತ್ತಾರೆ. ತುದಿಯಲ್ಲಿ ನಿಂತವನಿಗೆ ಕಾಣುವುದು ಕೊನೆಯ ಆಟಗಾರನ ಪಕ್ಕೆ ಮಾತ್ರ. ಒಳಗಿನ ಗಾರ್ಡ್‌ನ ಕೈ ನೆಲ ಬಿಟ್ಟಿತೇ ಎಂಬುದು ನಾಲ್ಕು ಮೈಗಳ ಮರೆಯಲ್ಲಿರುತ್ತದೆ. ಮೊದಲು ಅಂಪೈರ್ ಎಂಬಾತ ತಡೆಯುವ ತಂಡದ ಹಿಂದೆ ನಿಂತು ಸೆಂಟರ್, ಗಾರ್ಡ್‌ಗಳನ್ನು ಮುಖಾಮುಖಿ ನೋಡುತ್ತಿದ್ದ. ಓಡುವ ಆಟಗಾರರು ಡಿಕ್ಕಿ ಹೊಡೆದು ಗಾಯವಾಗುವುದು ಹೆಚ್ಚೆಂದು 2010ರಲ್ಲಿ ಆತನನ್ನು ಸಾಮಾನ್ಯ ಆಟಗಳಿಗೆ ಚೆಂಡಿರುವ ತಂಡದ ಹಿಂದಕ್ಕೆ ಸರಿಸಿದರು. ಅವನ ಎಲುಬು ಉಳಿಯಿತು, ಸಂತೋಷ. ಆದರೆ ಎದುರಿನಿಂದ ನೋಡುತ್ತಿದ್ದ ಒಂದು ಜೊತೆ ಕಣ್ಣು ಹೋಯಿತು; ಹಿಂದಿನಿಂದ ಗಾರ್ಡ್‌ನ ಬೆನ್ನಿಗಿಂತ ಕೆಳಗಿನದೇ ಕಾಣುವುದು. ನಿಮ್ಮ ಟಿವಿ ಕ್ಯಾಮೆರಾಕ್ಕೆ ಇಂಥ ಕಷ್ಟವಿಲ್ಲ. ಹಾಗೆಂದು ಪರದೆಯ ಮೇಲಿನ ನೀಲಿ ಗೆರೆಯನ್ನು ಪ್ರಮಾಣವೆಂದು ನಂಬಬೇಡಿ. ಅದನ್ನು ಕಂಪ್ಯೂಟರ್ ಎಳೆಯುತ್ತದೆ, ಮೈದಾನದಲ್ಲಿ ಅದಿಲ್ಲ; ಕ್ಯಾಮೆರಾ ಗೆರೆಯ ನೇರಕ್ಕಿಲ್ಲದಿದ್ದರೆ ಓರೆ ನೋಟಕ್ಕೆ ಅರ್ಧ ಅಡಿ ಆಚೀಚೆ ಕಾಣುವುದು ದೊಡ್ಡ ವಿಷಯವಲ್ಲ.

ಈ ಆಟ ತಡೆಯುವವರನ್ನೂ ಹುಚ್ಚು ಹಿಡಿಸುತ್ತದೆ. 2025ರ ಜನವರಿ 26ರಂದು ವಾಷಿಂಗ್ಟನ್ ಕಮಾಂಡರ್ಸ್ ತನ್ನ ಗೋಲು ಗೆರೆಯ ಬುಡದಲ್ಲಿ ಈಗಲ್ಸ್ ಅನ್ನು ತಡೆಯುತ್ತಿತ್ತು. ಸ್ನ್ಯಾಪ್ ಯಾವಾಗೆಂದು ಊಹಿಸಿ ಫ್ರ್ಯಾಂಕಿ ಲುವು ಸಾಲಿನ ಮೇಲಿಂದ ಹಾರಿದ, ಎನ್‌ಕ್ರೋಚ್‌ಮೆಂಟ್. ಮತ್ತೆ ಹಾರಿದ. ಅಲ್ಲಿ ಉಳಿದಿದ್ದ ದೂರವೇ ಒಂದು ಯಾರ್ಡಿನ ಆಸುಪಾಸು. ಗೋಲಿನ ಹತ್ತಿರ ದಂಡವೆಂದರೆ ಉಳಿದ ದೂರದ ಅರ್ಧ. ಅರ್ಧದ ಅರ್ಧ, ಅದರ ಅರ್ಧ ಎನ್ನುತ್ತಾ ಹೋದರೆ ದಂಡಕ್ಕೆ ಅರ್ಥವೇ ಉಳಿಯದು. ಇನ್ನೊಬ್ಬ ಆಟಗಾರನೂ ಮುಂದೆ ಬಿದ್ದ ಮೇಲೆ ರೆಫರಿ ಶಾನ್ ಹೊಕುಲಿ ಧ್ವನಿವರ್ಧಕದಲ್ಲಿ, ಇದು ಮುಂದುವರಿದರೆ ಎದುರಾಳಿಗೆ ಅಂಕ ಕೊಟ್ಟುಬಿಡುವ ಅಧಿಕಾರ ನನಗಿದೆ ಎಂದು ಸಾರಿದರು. ಅಂಥ ನಿಯಮ ಇದೆ ಎಂಬುದು ಆ ದಿನ ಎಷ್ಟೋ ಹಳೆಯ ಅಭಿಮಾನಿಗಳಿಗೂ ಹೊಸ ಸುದ್ದಿ.

ಗಡಿಯಾರದ ತಕರಾರೂ ಇದೇ ಜಾತಿಯದು. 2021ರ ಸೆಪ್ಟೆಂಬರ್ 26ರಂದು ಡೆಟ್ರಾಯಿಟ್‌ನಲ್ಲಿ ಸ್ನ್ಯಾಪ್ ಗಡಿಯಾರ (ಇದು ಸೊನ್ನೆಗೆ ಬರುವುದರೊಳಗೆ ಚೆಂಡು ಹೊರಡಬೇಕು) ಸೊನ್ನೆಗೆ ಬಂದು ನಿಂತ ಮೇಲೂ ರೇವನ್ಸ್ ಚೆಂಡು ಹೊರಡಿಸಿತು, ಫ್ಲ್ಯಾಗ್ ಬೀಳಲಿಲ್ಲ. ಮರುಕ್ಷಣ ಅವರ ಜಸ್ಟಿನ್ ಟಕ್ಕರ್ 66 ಯಾರ್ಡಿನಿಂದ ಗೋಲಿಗೆ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಪುಟಿದು ಆಚೆ ಬಿತ್ತು. ಆಗಿನ ದಾಖಲೆ, 19-17ರ ಗೆಲುವು. ಐದು ಯಾರ್ಡ್ ಹಿಂದೆ ಸರಿದಿದ್ದರೆ ಚೆಂಡು ಪಟ್ಟಿಯವರೆಗೂ ಬರುತ್ತಿತ್ತೋ ಇಲ್ಲವೋ. ಬ್ಯಾಕ್ ಜಡ್ಜ್ ಮೊದಲು ಗಡಿಯಾರ ನೋಡಬೇಕು, ಸೊನ್ನೆ ಕಂಡ ಮೇಲೆ ಚೆಂಡಿನತ್ತ ತಿರುಗಬೇಕು. ಆ ತಿರುಗುವಷ್ಟು ಹೊತ್ತಿನ ವಿನಾಯಿತಿ ಎಲ್ಲರಿಗೂ ಸಿಗುತ್ತದೆ. ಡೆಟ್ರಾಯಿಟ್‌ನಲ್ಲಿ ಸಿಕ್ಕದ್ದು ಅದಕ್ಕಿಂತ ಹೆಚ್ಚು.

ಹಾಗಾದರೆ ವಿಡಿಯೊ? 2019ರ ಮಾರ್ಚ್ 28ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಾಲಿಂಗ ಹಾಕಿದ ಕೊನೆಯ ಎಸೆತ ನೋ-ಬಾಲ್ ಎಂದು ದೊಡ್ಡ ಪರದೆಯಲ್ಲಿ ಕಂಡಾಗ ಬೆಂಗಳೂರು ಕುದಿದದ್ದು ನಿಮಗೆ ನೆನಪಿರಬಹುದು. ಮರುವರ್ಷವೇ ಐಪಿಎಲ್‌ನಲ್ಲಿ ಮುಂಗಾಲಿನ ತೀರ್ಪು ಟಿವಿ ಅಂಪೈರ್ ಪಾಲಾಯಿತು. ಕ್ರಿಕೆಟ್‌ಗೆ ಆದದ್ದು ಇಲ್ಲಿಗೇಕೆ ಆಗದು ಎಂದು ನೀವು ಕೇಳುವಿರಿ. ನೋ-ಬಾಲ್ ಎಂದರೂ ಎಸೆತ ನಡೆದುಹೋಗಿರುತ್ತದೆ, ಆಮೇಲೆ ಲೆಕ್ಕ ಸರಿಪಡಿಸಬಹುದು. ಫಾಲ್ಸ್ ಸ್ಟಾರ್ಟ್ ಎಂದು ಸೀಟಿ ಊದಿದ ಮೇಲೆ ಆಟವೇ ನಡೆದಿರುವುದಿಲ್ಲ. ಆ ಸೀಟಿ ತಪ್ಪೆಂದು ವಿಡಿಯೊ ಹೇಳಿದರೂ ಹಿಂದಿರುಗಿಸಲು ಏನೂ ಇರುವುದಿಲ್ಲ. ಆದ್ದರಿಂದ ಚಲನೆಯ ತಪ್ಪುಗಳಿಗೆ ವಿಡಿಯೊ ತಂದರೆ ಅದು ನಡೆದ ಆಟವನ್ನು ಕಿತ್ತುಕೊಳ್ಳಬಲ್ಲದೇ ಹೊರತು, ಕೊಂದ ಆಟವನ್ನು ಬದುಕಿಸಲಾರದು. ಪ್ರತಿ ಪಂದ್ಯದಲ್ಲೂ ನೂರಕ್ಕೂ ಮೀರಿ ಸ್ನ್ಯಾಪ್‌ಗಳು. ಒಂದೊಂದನ್ನೂ ಚೌಕಟ್ಟು ಚೌಕಟ್ಟಾಗಿ ನೋಡಿದರೆ ಯಾರದೋ ಬೆರಳು ಅಲುಗಿಯೇ ಇರುತ್ತದೆ.

ಕೋಚ್‌ಗಳು ಇಂದು ಆಫ್‌ಸೈಡ್ ಆಗಲಿ ಫಾಲ್ಸ್ ಸ್ಟಾರ್ಟ್ ಆಗಲಿ ಪ್ರಶ್ನಿಸುವಂತಿಲ್ಲ. ಸ್ನ್ಯಾಪ್ ಹೊತ್ತಿನ ತಪ್ಪುಗಳಲ್ಲಿ, ಮೈದಾನದಲ್ಲಿ ಹನ್ನೆರಡನೆಯವನಿದ್ದನೇ ಎಂಬುದನ್ನು ಮಾತ್ರ ವಿಡಿಯೊದಲ್ಲಿ ಎಣಿಸಬಹುದು. ನನ್ನನ್ನು ಕೇಳಿದರೆ ಒಂದೇ ಒಂದು ಹೆಜ್ಜೆ ಮುಂದೆ ಹೋಗಬಹುದು. ನಿಂತ ತಪ್ಪನ್ನು, ಅಂದರೆ ಸ್ನ್ಯಾಪ್ ಕ್ಷಣದಲ್ಲಿ ಗೆರೆಯ ಮೇಲಿದ್ದನೋ ಇಲ್ಲವೋ ಎಂಬುದನ್ನು, ಅಂಕ ಬಂದಾಗ ಅಥವಾ ಚೆಂಡು ಕೈ ಬದಲಿಸಿದಾಗ ವಿಡಿಯೊದಲ್ಲಿ ನೋಡಲಿ. ಗೆರೆಯ ನೇರಕ್ಕೆ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇದ್ದರೆ ಸಾಕು. ಅಲುಗಿದ ತಪ್ಪನ್ನು ಮನುಷ್ಯರ ಕಣ್ಣಿಗೇ ಬಿಡಲಿ. ಆದರೆ ಟಷ್ ಪುಷ್ ಬರುವ ಹೊತ್ತು ಎಲ್ಲರಿಗೂ ಗೊತ್ತೇ ಇರುತ್ತದೆ. ಆಗಲಾದರೂ ಎದುರಿನಿಂದ ಗಾರ್ಡ್‌ಗಳ ಕೈ ನೋಡಲು ಒಬ್ಬನನ್ನು ತಪ್ಪದೆ ನಿಲ್ಲಿಸಲಿ.

ಕೊನೆಗೆ ಮಗಳ ಪ್ರಶ್ನೆ, ನನಗೆ ತುಂಬ ಇಷ್ಟವಾದದ್ದು. ಟ್ಯಾಕಲ್ ಬೆಚ್ಚಿದ, ಎದುರಿನವನೂ ಮುಂದೆ ಬಿದ್ದ. ಟ್ಯಾಕಲ್ ತಾನಾಗಿ ಬೆಚ್ಚಿದ್ದರೆ ದಂಡ ಅವನ ತಂಡಕ್ಕೆ. ಎದುರಿನವನು ಗೆರೆಯೊಳಗೆ ಬಂದದ್ದಕ್ಕೆ ಬೆಚ್ಚಿದ್ದರೆ ದಂಡ ಅವನಿಗೆ. ಮೊದಲು ಯಾರು ಎಂಬುದೇ ಎಲ್ಲ. ಅದಕ್ಕೇ ಇಬ್ಬರೂ ಬೆರಳು ಚಾಚಿ, ಅವನು, ಅವನು ಎನ್ನುತ್ತಾರೆ. ಆ ಬೆರಳುಗಳನ್ನು ನಾವು ನೋಡುವುದೇ ಇಲ್ಲ. ಸೀಟಿಯಾದ ಮೇಲೆ ಎರಡು ತುದಿಯವರೂ ನಡುವಿಗೆ ನಡೆದುಬಂದು, ತುಟಿ ಟಿವಿಗೆ ಕಾಣದಂತೆ ಕೈ ಅಡ್ಡ ಹಿಡಿದು, ಒಂದೇ ಮಾತು ಕೇಳಿಕೊಳ್ಳುತ್ತೇವೆ: ನಿನ್ನ ಕಡೆಯಿಂದ ಯಾರು ಮೊದಲು? ಇಬ್ಬರ ಉತ್ತರವೂ ಒಂದೇ ಆದ ದಿನ ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.